ಪುರಸಭೆಗೆ ಹೊಸದಾಗಿ ಬಂದ ಜೆಇ, ಯಾವ ಟ್ರೈನಿಂಗ್ ನಿಜವಾಗ್ಲೂ ಕೆಲ್ಸಕ್ಕೆ ಬರುತ್ತೆ?

ಹೊಸ_ಜೆಇ:
ಎಲ್ರಿಗೂ ನಮಸ್ಕಾರ. ಸಿವಿಲ್ ಬಿಇ ಮುಗಿಸಿ ಒಂದು ಪುರಸಭೆಲಿ ಜೆಇ (ಜೂನಿಯರ್ ಇಂಜಿನಿಯರ್) ಆಗಿ ಸೇರ್ಕೊಂಡಿದೀನಿ. ಕಾಲೇಜಲ್ಲಿ ಬೀಮ್ ಡಿಸೈನ್ ಮಾಡಿದ್ದೇ ಮಾಡಿದ್ದು, ಇಲ್ಲಿ ನೋಡಿದ್ರೆ ಬೆಳಗ್ಗೆನೇ ಪೈಪ್ ಒಡೆದಿದೆ ಅಂತ ಕೌನ್ಸಿಲರ್ ಫೋನು, ಆಮೇಲೆ ಸಿಸಿ ರೋಡ್ ಕಾಂಕ್ರೀಟು, ಮಧ್ಯಾಹ್ನ ಎಸ್ಟಿಮೇಟು, ಸಂಜೆ ಎಂಬಿ (ಕೆಲಸದ ಅಳತೆ ಬರೆಯೋ ಮೆಷರ್‌ಮೆಂಟ್ ಬುಕ್) ಬರೀರಿ ಸಾರ್ ಅಂತ ಕಾಂಟ್ರಾಕ್ಟರ್ ಬಂದು ಕೂತಿರ್ತಾರೆ. ಮೈಸೂರಿನ ರಾಜ್ಯ ನಗರಾಭಿವೃದ್ಧಿ ಸಂಸ್ಥೆಲಿ ಟ್ರೈನಿಂಗ್ ಇರುತ್ತೆ, ಸರ್ಕಾರಿ ನೌಕರರಿಗಿರೋ ಐಗಾಟ್ ಕರ್ಮಯೋಗಿ ಪೋರ್ಟಲಲ್ಲಿ ಆನ್‌ಲೈನ್ ಕೋರ್ಸ್ ಇವೆ ಅಂತ ಗೊತ್ತು. ಯಾವುದರಿಂದ ಶುರು ಮಾಡ್ಲಿ? ಇನ್ನೊಂದು, ನಮ್ಮ ನೀರುಗಂಟಿಗಳಿಗೆ, ಯುಜಿಡಿ (ಒಳಚರಂಡಿ) ಹುಡುಗ್ರಿಗೆ ಏನಾದ್ರೂ ತರಬೇತಿ ಕೊಡ್ಸೋಕಾಗುತ್ತಾ?

ನಿವೃತ್ತ_ಎಇಇ_ಗದಗ:
ನೋಡ್ರಿ, ಮೊದಲ ಎಂಬಿ ಬರಿಯೂದು ಕಲೀರಿ. ಡಿಸೈನ್ ತಪ್ಪಿದ್ರ ಮ್ಯಾಲಿನವರು ತಿದ್ತಾರ, ಎಂಬಿದಾಗ ನಿಮ್ಮ ಸಹಿ ಇದ್ರ ನೀವು ಬ್ಯಾರೆ ಊರಿಗೆ ಟ್ರಾನ್ಸ್‌ಫರ್ ಆದ ಮ್ಯಾಲೂ ಆಡಿಟ್ ಪತ್ರ ಹುಡುಕ್ಕೊಂಡು ಬರ್ತೈತಿ. ತಪ್ಪು ಬರದ್ರ ವೈಟ್ನರ್ ಹಚ್ಚಬ್ಯಾಡ್ರಿ, ಗೆರಿ ಎಳದು ಸರಿ ಅಂಕಿ ಬರದು ಸಣ್ಣ ಸಹಿ ಹಾಕ್ರಿ. ಮುಚ್ಚಿ ಹೋಗೂ ಕೆಲಸ, ಅಂದ್ರ ಪಾಯ, ಬೆಡ್ ಕಾಂಕ್ರೀಟು, ಪೈಪಿನ ಕೆಳಗಿನ ಮರಳು, ಮುಚ್ಚೂಕಿಂತ ಮೊದಲ ಅಳತಿ ತಗೋರಿ. ಅಳತಿ ಹೆಂಗ ತಗೋಬೇಕನ್ನೂದು ಐಎಸ್ 1200 ಅನ್ನೂ ಭಾರತೀಯ ಸ್ಟ್ಯಾಂಡರ್ಡಿನಾಗ ಐತಿ. 1999ರ ಪಾರದರ್ಶಕತೆ ಕಾಯ್ದೆ, ಅಂದ್ರ ಸರ್ಕಾರಿ ಟೆಂಡರ್ ಕಾಯ್ದೆ ಮಾತ್ರ ಕ್ಲಾಸಿನಾಗ ಕುಂತ ಕಲಿಯೂದ ಚಲೋ, ಯಾಕಂದ್ರ ಊಟದ ಹೊತ್ತಿನಾಗ ಬ್ಯಾರೆ ಊರಿನ ಜೆಇಗಳು ತಮ್ಮ ತಮ್ಮ ಟೆಂಡರ್ ಫಜೀತಿ ಹೇಳ್ತಾರಲ್ಲ, ಅದು ಪಿಪಿಟಿದಾಗ ಸಿಗೂದಿಲ್ಲ.

ಸೈಟ್_ಕ್ಯೂಸಿ:
ನಾನು ಕಾಂಟ್ರಾಕ್ಟರ್ ಕಡೆ ಕೆಲಸ ಮಾಡೋನು, ಬೈಕೊಂಡ್ರೂ ಪರವಾಗಿಲ್ಲ, ನಿಜ ಹೇಳ್ತೀನಿ. ಜೆಇಗೆ ಟೆಸ್ಟಿಂಗ್ ಗೊತ್ತು ಅಂತ ಗೊತ್ತಾದ್ರೆ ನಮ್ಮೋರು ಮೊದಲನೇ ದಿನವೇ ಹುಷಾರಾಗ್ತಾರೆ. ಡಾಂಬರ್ ಲಾರಿ ಬಂದಾಗ ಥರ್ಮಾಮೀಟರ್ ಇಟ್ಟು ನೋಡಿ, ವಿಜಿ 30 ಗ್ರೇಡ್ ಡಾಂಬರ್ ಆದ್ರೆ ಹಾಸುವಾಗ 140 ಡಿಗ್ರಿಗಿಂತ ಕಮ್ಮಿ ಇರಬಾರದು, 90ಕ್ಕಿಂತ ಇಳಿದ ಮೇಲೆ ರೋಲರ್ ಓಡ್ಸಿ ಪ್ರಯೋಜನ ಇಲ್ಲ. ಗಟ್ಟಿತನದ ಟೆಸ್ಟಿಗೆ ಅಂತ ಅಚ್ಚಲ್ಲಿ ತುಂಬೋ ಕಾಂಕ್ರೀಟ್ ಕ್ಯೂಬ್ ಎಷ್ಟೋ ಕಡೆ ನಾವೇ ತುಂಬಿ ನಾವೇ ಲ್ಯಾಬಿಗೆ ಒಯ್ಯೋದು, ರಿಸಲ್ಟ್ ಯಾಕೆ ಫೇಲ್ ಆಗುತ್ತೆ ಹೇಳಿ 😄 ನೀವೇ ನಿಂತು ತುಂಬ್ಸಿ, ಕ್ಯೂಬ್ ಮೇಲೆ ಡೇಟ್ ಹಾಕಿ ಸೈನ್ ಮಾಡಿ. ಕಾಂಕ್ರೀಟ್ ಸ್ಟ್ಯಾಂಡರ್ಡ್ ಐಎಸ್ 456 ಪ್ರಕಾರ 5 ಕ್ಯೂಬಿಕ್ ಮೀಟರ್‌ವರೆಗೆ ಒಂದು ಸ್ಯಾಂಪಲ್, 6ರಿಂದ 15ಕ್ಕೆ ಎರಡು, ಒಂದು ಸ್ಯಾಂಪಲ್ ಅಂದ್ರೆ ಮೂರು ಕ್ಯೂಬು. ಆಮೇಲೆ ಎತ್ತರ ತಗ್ಗು ಅಳೆಯೋ ಆಟೋ ಲೆವೆಲ್ ಬಳಸೋದು ಕಲ್ಕೊಳ್ಳಿ. ಚರಂಡಿ 1:200 ಸ್ಲೋಪ್ ಅಂದ್ರೆ 100 ಮೀಟರಿಗೆ ಅರ್ಧ ಮೀಟರ್ ಇಳೀಬೇಕು, ಅದನ್ನ ಮೇಸ್ತ್ರಿ ಕಣ್ಣಂದಾಜಿಗೆ ಬಿಟ್ರೆ ಮಳೆಗಾಲದಲ್ಲಿ ನೀರು ವಾಪಸ್ ಮನೆ ಕಡೆಗೇ ಬರುತ್ತೆ.

ಹೊಸ_ಜೆಇ:
ಸಾರ್ ಥ್ಯಾಂಕ್ಸ್, ಆದ್ರೆ ನಮ್ಮೂರಲ್ಲಿ ಲ್ಯಾಬೇ ಇಲ್ವಲ್ಲ?

ಸೈಟ್_ಕ್ಯೂಸಿ:
ಹತ್ತಿರದ ಇಂಜಿನಿಯರಿಂಗ್ ಕಾಲೇಜಲ್ಲೋ ಪಾಲಿಟೆಕ್ನಿಕ್ಕಲ್ಲೋ ವಿಚಾರಿಸಿ, ಫೀಸ್ ಕಟ್ಟಿಸ್ಕೊಂಡು ಟೆಸ್ಟ್ ಮಾಡಿ ಕೊಡೋ ಕಾಲೇಜುಗಳು ಇವೆ. ಕ್ಯೂಬ್ ಒಡೆಯೋವಾಗ ಒಂದ್ಸಲ ಹೋಗಿ ಪಕ್ಕದಲ್ಲೇ ನಿಂತ್ಕೊಳ್ಳಿ.

ಓಹಾಯೋ_ಕನ್ನಡಿಗ:
ಅಮೆರಿಕದಲ್ಲಿ ಒಂದು ಊರಿನ ಪಬ್ಲಿಕ್ ವರ್ಕ್ಸ್ ಡಿಪಾರ್ಟ್‌ಮೆಂಟಲ್ಲಿದೀನಿ. ಇಲ್ಲಿ ಎಲ್‌ಟಿಎಪಿ ಅಂತ, ಸ್ಥಳೀಯ ರೋಡ್ ಕೆಲಸದೋರಿಗೆ ತರಬೇತಿ ಕೊಡೋಕೆ ಪ್ರತಿ ರಾಜ್ಯಕ್ಕೂ ಒಂದು ಸೆಂಟರ್ ಇದೆ, ದುಡ್ಡು ಫೆಡರಲ್ ಹೈವೇಯವರಿಂದಲೂ ಬರುತ್ತೆ, ಬಹಳ ಕಡೆ ಯೂನಿವರ್ಸಿಟಿಗಳೇ ನಡೆಸ್ತವೆ. ನನಗೆ ಇಷ್ಟ ಆಗಿದ್ದು ಏನಂದ್ರೆ ಕ್ಲಾಸು ಬರೀ ಇಂಜಿನಿಯರ್‌ಗಳಿಗಲ್ಲ, ಗುಂಡಿ ಮುಚ್ಚೋರು, ಗ್ರೇಡರ್ ಓಡ್ಸೋರು, ರೋಡಲ್ಲಿ ಕೋನ್ ಇಟ್ಟು ಟ್ರಾಫಿಕ್ ನಿಲ್ಸೋರು ಎಲ್ರಿಗೂ. ಟ್ರೆಂಚ್ 5 ಅಡಿ ಅಥವಾ ಅದಕ್ಕಿಂತ ಆಳ ಇದ್ರೆ, ಗಟ್ಟಿ ಬಂಡೆ ಬಿಟ್ಟು ಬೇರೆ ಮಣ್ಣಲ್ಲಿ, ಪಕ್ಕ ಕುಸಿಯದಂತೆ ವ್ಯವಸ್ಥೆ ಇಲ್ಲದೆ ಆಳು ಇಳಿಯೋ ಹಾಗಿಲ್ಲ, ಇದು ಅಗೆಯೋ ಹುಡುಗನಿಗೂ ಗೊತ್ತಿರುತ್ತೆ. ನಮ್ಮಲ್ಲೂ ರೋಡ್ ಕೆಲಸದ ಸೇಫ್ಟಿಗೆ ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಗೈಡ್‌ಲೈನ್ ಎಸ್‌ಪಿ 55 ಇದೆ, ಅದರ ಚಿತ್ರಗಳನ್ನ ಪ್ರಿಂಟ್ ತೆಗೆದು ಮೇಸ್ತ್ರಿಗೆ ತೋರ್ಸಿ, ಸಾಕು.

ವಾಟರ್‌ಸಪ್ಲೈ_ಮಂಡ್ಯ:
ನಿಮ್ಮ ಎರಡನೇ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ, ಅದೇ ಮುಖ್ಯ ನನ್ ಪ್ರಕಾರ. ನೀರುಗಂಟಿಗಳನ್ನ ಮೈಸೂರಿಗೆ ಕಳ್ಸಿದ್ರೆ ಊರಿಗೆ ನೀರು ಬಿಡೋರು ಯಾರು? ಪಂಪ್‌ಹೌಸಲ್ಲೇ ಅರ್ಧ ದಿನ ಕೂರ್ಸಿ. ಕ್ಲೋರೋಸ್ಕೋಪ್ (ನೀರಲ್ಲಿ ಕ್ಲೋರಿನ್ ಎಷ್ಟಿದೆ ಅಂತ ಬಣ್ಣದಿಂದ ತೋರ್ಸೋ ಕಿಟ್) ಕೊಟ್ಟು, ಕೊನೇ ನಲ್ಲಿಲಿ ನೀರು ಹಿಡ್ದು ಬಣ್ಣ ನೋಡೋದು ಕಲ್ಸಿ, ಉಳಿಕೆ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂಗಿಂತ ಕಮ್ಮಿ ಇರಬಾರದು. ಹಳೇ ನೀರುಗಂಟಿ ಹತ್ರ ಎಲ್ಲ ವಾಲ್ವ್ ಎಲ್ಲೆಲ್ಲಿವೆ ಅಂತ ಕೇಳಿ ಮ್ಯಾಪಲ್ಲಿ ಗುರ್ತು ಮಾಡ್ಕೊಳ್ಳಿ, ಆವಯ್ಯ ರಿಟೈರ್ ಆಗೋಕೆ ಮುಂಚೆ.

ಯುಜಿಡಿ ಹುಡುಗ್ರಿಗೆ ಮೊದಲನೇ ಪಾಠ, ಮ್ಯಾನ್‌ಹೋಲ್ ಒಳಗೆ ಇಳಿಯಲ್ಲ ಅನ್ನೋದು. ನೀರಿನ ಒತ್ತಡದಿಂದ ಪೈಪ್ ಕ್ಲೀನ್ ಮಾಡೋ ಜೆಟ್ಟಿಂಗ್ ಮಷಿನ್ ಬರೋವರೆಗೂ ಕಾಯಿರಿ, ಕೌನ್ಸಿಲರ್ ಎಷ್ಟೇ ಕೂಗಾಡ್ಲಿ. ಮಲ ಹೊರೋ ಪದ್ಧತಿ ನಿಷೇಧಿಸೋ 2013ರ ಕಾಯ್ದೆ ಇದೆ, 2023ರಲ್ಲಿ ಸುಪ್ರೀಂ ಕೋರ್ಟು ಒಳಚರಂಡಿಲಿ ಸತ್ರೆ ಪರಿಹಾರ 30 ಲಕ್ಷ ಅಂತ ಹೇಳಿದೆ. ಇದನ್ನ ಹುಡುಗ್ರಿಗಷ್ಟೇ ಅಲ್ಲ, ನಿಮ್ಮ ಹೆಲ್ತ್ ಇನ್ಸ್‌ಪೆಕ್ಟರ್‌ಗೂ ಚೀಫ್ ಆಫೀಸರ್‌ಗೂ ಕೂರ್ಸಿ ಹೇಳಿ.

ಹೊಸ_ಜೆಇ:
ಸೋಮವಾರ ಪಂಪ್‌ಹೌಸಲ್ಲಿ ಶುರು ಮಾಡ್ತೀನಿ ಸಾರ್. ಕ್ಲೋರೋಸ್ಕೋಪ್ ಸ್ಟೋರಲ್ಲಿ ಇದೆಯಂತೆ, ದ್ರಾವಣ ಎಕ್ಸ್‌ಪೈರ್ ಆಗಿದೆಯಾ ನೋಡ್ಬೇಕು.