ಫ್ಯಾಂಟಸಿ ಕಾದಂಬರಿ: ನಾಯಕನಿಗೆ ನಾಗಬ್ಬೆಯೋ ಚಂದಲೆಯೋ? ವಿಧಿ ಆರಿಸಿದವಳ ಪುಟಗಳನ್ನೇ ಓದುಗರು ಹಾರಿಸ್ತಿದ್ದಾರೆ

ಹೊಸಗರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಂತುಗಳಲ್ಲಿ ಹಾಕಬೇಕು ಅಂತಿರುವ ಕಾದಂಬರಿಯ ಕರಡು ಮುಗಿದಿದೆ, 40 ಅಧ್ಯಾಯ. ಎಳೆ ಇಷ್ಟು: ನಾಯಕ ಬೀರುಗ. ಅವನಿಗೆ ಸಿಟ್ಟು ಬಂದರೆ ಊರ ಕೆರೆ ಉಕ್ಕುತ್ತೆ. ಹಾಗೆ ಒಮ್ಮೆ ಏರಿ ಒಡೆದು ಅವನ ತಮ್ಮನೇ ಕೊಚ್ಚಿಹೋಗಿದ್ದಾನೆ. ಅಂದಿನಿಂದ ಬೀರುಗನಿಗೆ ನಿದ್ದೆ ಇಲ್ಲ. ತೂಬಿನ ಕಾವಲುಗಾರನ ಮಗಳು ನಾಗಬ್ಬೆ ಚಿಕ್ಕಂದಿನ ಜೊತೆಗಾತಿ, ಅವಳು ಪಕ್ಕದಲ್ಲಿ ಕೂತರೆ ಮಾತ್ರ ಕಣ್ಣು ಮುಚ್ಚುತ್ತಾನೆ, ಕೆರೆಯೂ ಇಳಿಯುತ್ತೆ. ಇನ್ನೊಬ್ಬಳು ಘಟ್ಟದಾಚೆಯ ಚಂದಲೆ. ಏರಿಯ ಮೇಲಿನ ಹಳೇ ಶಾಸನದಲ್ಲಿ 'ಬೀರುಗನೂ ಚಂದಲೆಯೂ ಒಬ್ಬರನ್ನೊಬ್ಬರು ಪ್ರೀತಿಸುವರು, ನಾಡು ಉಳಿಯುವುದು' ಅಂತ ಕೆತ್ತಿದೆ. ಅವಳು 18ನೇ ಅಧ್ಯಾಯದಲ್ಲಿ ಬರ್ತಾಳೆ. ಅವಳನ್ನ ನೋಡಿದ ತಕ್ಷಣ ಕೆರೆ ಉಕ್ಕುತ್ತೆ.

ಕರಡು ಓದಿದವರೆಲ್ಲ ನಾಗಬ್ಬೆಯ ಪಕ್ಷ. ಚಂದಲೆ ಬಂದರೆ ಪುಟ ಹಾರಿಸ್ತಾರಂತೆ. ಆದರೆ ಕಥೆ ಮುಗಿಯಬೇಕಾದ್ದು ಚಂದಲೆಯ ಜೊತೆ. ನಾಗಬ್ಬೆಯನ್ನ 30ರ ಹೊತ್ತಿಗೆ ಪ್ರವಾಹದಲ್ಲಿ ಸಾಯಿಸಿದರೆ ಸರಿಹೋಗುತ್ತಾ? ಚಂದಲೆಗೆ ಪುಟ ಜಾಸ್ತಿ ಕೊಡಬೇಕಾ? ಎಲ್ಲಿ ಕೈ ಹಾಕಬೇಕು ಅಂತ ಖಚಿತವಾಗಿ ಹೇಳಿದರೆ ಉಪಕಾರ.

ಗುಳೇದಗುಡ್ಡ ಖಣ

ನಾಗಬ್ಬಿನ್ನ ಕೊಲ್ಲೂದು ಬ್ಯಾಡ್ರೀ. ಕೆರಿ, ಏರಿ, ಹೆಣ್ಣುಮಗಳು ಅಂದಕೂಡಲೆ ಕನ್ನಡ ಓದೋರಿಗೆ 'ಕೆರೆಗೆ ಹಾರ' ನೆನಪಾಗತೈತಿ. ಮಲ್ಲನಗೌಡನ ಕಿರಿಸೊಸಿ ಭಾಗೀರತಿ ಕೆರಿಗೆ ಹಾರ ಆದ್ಲು, ಗಂಡ ಮಾದೇವರಾಯ ಬಂದು ತಾನೂ ಹಾರಿಕೊಂಡ. ಆ ಹಾಡಿನ ಮುಂದ ನಿಮ್ಮ 30ನೇ ಅಧ್ಯಾಯ ನಿಲ್ಲೂದು ಕಷ್ಟ ಐತಿ. ಇನ್ನೊಂದು, ಸತ್ತಾಕಿ ಜೋಡಿ ಯಾರೂ ಪೈಪೋಟಿ ಮಾಡಾಕ ಆಗೂದಿಲ್ಲ. ಆಕಿ ಹೋದ ಮ್ಯಾಲೆ ಬೀರುಗ ಚಂದಲಿ ಕೈ ಹಿಡಿದ್ರ ಓದೋರು ಇಬ್ರಿಗೂ ಶಾಪ ಹಾಕ್ತಾರ.

ಮಸಿಕುಡಿಕೆ

ಚಂದಲೆಗೆ ಪುಟ ಸಾಲದೇ ಹೀಗಾಗಿರೋದಲ್ಲ, ಶಾಸನದ ಒಕ್ಕಣೆಯಿಂದ ಆಗಿರೋದು. 'ಪ್ರೀತಿಸುವರು' ಅಂತ ಕಲ್ಲೇ ಹೇಳಿಬಿಟ್ಟ ಮೇಲೆ ಅವಳು ಬಂದು ಮಾಡೋ ಕೆಲಸ ಏನು ಉಳೀತು? ಭವಿಷ್ಯವಾಣಿ ಒಂದು ಘಟನೆಯನ್ನ ಮುಂಚೆ ಹೇಳಬಹುದು. ಮನಸ್ಸನ್ನ ಮುಂಚೆ ಹೇಳಿದರೆ ಕಥೆ ಅಲ್ಲೇ ಸತ್ತಿತು.

ಭಾಸನ 'ಸ್ವಪ್ನವಾಸವದತ್ತ' ನಾಟಕವನ್ನ ಈ ಒಂದು ಕಾರಣಕ್ಕಾಗಿ ಪೂರ್ತಿ ಓದಿ, ಆರೇ ಅಂಕ. ರಾಜ ಉದಯನ ರಾಜ್ಯದ ಭಾಗ ಕಳಕೊಂಡಿದ್ದಾನೆ. ಪದ್ಮಾವತಿ ಅವನ ಹೆಂಡತಿಯಾಗ್ತಾಳೆ ಅಂತ ಆದೇಶಿಕರು, ಅಂದರೆ ಭವಿಷ್ಯ ಹೇಳೋರು, ನುಡಿದಿದ್ದಾರೆ. ಅವಳು ಮಗಧದ ರಾಜನ ತಂಗಿ, ಮದುವೆಯಾದರೆ ಮಗಧದ ಸೇನೆಯ ಬಲ ಸಿಗುತ್ತೆ. ಮಂತ್ರಿ ಯೌಗಂಧರಾಯಣ ಲಾವಾಣಕ ಅನ್ನೋ ಹಳ್ಳಿಯ ಬೆಂಕಿಯಲ್ಲಿ ರಾಣಿ ವಾಸವದತ್ತೆ ಸತ್ತಳು ಅಂತ ಸುದ್ದಿ ಹಬ್ಬಿಸಿ, ಅವಳನ್ನ ವೇಷ ಮರೆಸಿ ಅದೇ ಪದ್ಮಾವತಿಯ ಬಳಿ ಒಪ್ಪಿಸ್ತಾನೆ. ಗಮನಿಸಿ: ಭವಿಷ್ಯ ಹೇಳಿದ್ದು ಮದುವೆಯನ್ನ ಮಾತ್ರ. ಮದುವೆ ನಡೆಯುತ್ತೆ, ಮನಸ್ಸು ಹೋಗಲ್ಲ. ನಾಲ್ಕನೇ ಅಂಕದಲ್ಲಿ ವಿದೂಷಕ ನೇರವಾಗಿ ಕೇಳ್ತಾನೆ, ಅಂದಿನ ವಾಸವದತ್ತೆ ಇಷ್ಟವೋ ಇಂದಿನ ಪದ್ಮಾವತಿಯೋ ಅಂತ. ರೂಪ, ಶೀಲ, ಮಾಧುರ್ಯದಿಂದ ಪದ್ಮಾವತಿಯ ಮೇಲೆ ತುಂಬಾ ಗೌರವವಿದೆ, ಆದರೆ ವಾಸವದತ್ತೆಗೆ ಕಟ್ಟುಬಿದ್ದ ಮನಸ್ಸನ್ನ ಅವಳು ಇನ್ನೂ ಸೆಳೆದಿಲ್ಲ ಅನ್ನೋ ಅರ್ಥದಲ್ಲಿ ಉತ್ತರ ಕೊಡ್ತಾನೆ. ಇಬ್ಬರೂ ಹೆಂಗಸರು ಬಳ್ಳಿಮಾಡದ ಮರೆಯಲ್ಲಿ ಕೂತು ಕೇಳ್ತಿದ್ದಾರೆ!

ಮೂರನೇ ಅಂಕದ ಹಾರ ಕಟ್ಟೋ ದೃಶ್ಯ ನಿಮಗೆ ಇನ್ನೂ ಹತ್ತಿರದ್ದು. ಗಂಡನ ಎರಡನೇ ಮದುವೆಯ ಮಾಲೆಯನ್ನ ವಾಸವದತ್ತೆಯ ಕೈಯಲ್ಲೇ ಕಟ್ಟಿಸ್ತಾರೆ. ದಾಸಿ ತಂದ ಮೂಲಿಕೆಗಳಲ್ಲಿ ಒಂದು ವೈಧವ್ಯ ತಪ್ಪಿಸೋದು, ಅದನ್ನ ತನಗೂ ಪದ್ಮಾವತಿಗೂ ಅಂತ ಧಾರಾಳವಾಗಿ ಸೇರಿಸ್ತಾಳೆ. ಇನ್ನೊಂದು ಸವತಿಯನ್ನ ಮೆಟ್ಟೋ ಮೂಲಿಕೆ. ಅದು ಬೇಡ ಅಂತಾಳೆ. ಯಾಕೆ ಅಂದರೆ, ಅವನ ಹೆಂಡತಿ ಸತ್ತಿದ್ದಾಳಲ್ಲ, ಇದರಿಂದೇನು ಉಪಯೋಗ ಅಂತಾಳೆ. ಎರಡು ಸೊಪ್ಪು, ಎರಡು ಮಾತು. ನಿಮ್ಮ ಕರಡಿನಲ್ಲಿ ನಾಗಬ್ಬೆ ಎಲ್ಲೆಲ್ಲಿ 'ಒಳಗೊಳಗೇ ನೊಂದಳು' ಅಂತ ಇದೆಯೋ ಅಲ್ಲೆಲ್ಲ ಆ ಸಾಲು ಹೊಡೆದು, ಅವಳ ಕೈಗೆ ಒಂದು ಕೆಲಸ ಕೊಡಿ.

ಹಾಗಾಗಿ ಮೊದಲ ತಿದ್ದುಪಡಿ: ಶಾಸನದಿಂದ 'ಪ್ರೀತಿ' ತೆಗೀರಿ. ಇಬ್ಬರೂ ಸೇರಿ ಒಂದು ಕೆಲಸ ಮಾಡಬೇಕು ಅಂತಷ್ಟೇ ಇರಲಿ.

ತಾಳೆಗರಿ

ಮಸಿಕುಡಿಕೆಯವರ ಮಾತಿಗೆ ಶಾಸನದ ಕಡೆಯಿಂದ ಒಂದು ಸೇರಿಸ್ತೀನಿ. ನಮ್ಮ ಶಾಸನಗಳಲ್ಲಿ ಭವಿಷ್ಯ ಬರೆಯೋದಿಲ್ಲ. ದಾನ ಬರೀತಾರೆ, ವೀರ ಸತ್ತಿದ್ದು ಬರೀತಾರೆ. ಕೆರೆ ಏರಿಯ ಮೇಲಿನ ಕಲ್ಲು ಅಂದರೆ ಬಿತ್ತುವಟ್ಟ ಅಥವಾ ಕಟ್ಟುಕೊಡಗೆಯದು, ಕೆರೆ ಕಟ್ಟಿದವರಿಗೆ, ಕಾಪಾಡೋರಿಗೆ ಬಿಟ್ಟ ಭೂಮಿಯ ದಾಖಲೆ. ಅದನ್ನೇ ವಿಧಿ ಮಾಡಿಕೊಳ್ಳಿ: ಇಂಥ ವಂಶದವನೂ ಇಂಥ ವಂಶದವಳೂ ಕೂಡಿ ಕೆರೆ ಕಾಯತಕ್ಕದ್ದು, ತಪ್ಪಿದವರು ವಾರಣಾಸಿಯಲ್ಲಿ ಕವಿಲೆಯನ್ನ (ಕಪಿಲೆ ಹಸುವನ್ನ) ಕೊಂದ ಪಾಪಕ್ಕೆ ಹೋಗ್ತಾರೆ. ಕೊನೆಯ ಈ ಶಾಪಾಶಯ ನೂರಾರು ಶಾಸನಗಳಲ್ಲಿದೆ, ಓದುಗರಿಗೆ ಕಿವಿಗೆ ಬಿದ್ದದ್ದೇ. ಮೇಲ್ಗಡೆ ಸೂರ್ಯ, ಚಂದ್ರ, ಹಸು-ಕರು ಕೆತ್ತಿಸಿ. ಸೂರ್ಯಚಂದ್ರರು ಇರೋವರೆಗೂ ಈ ಕಟ್ಟು ನಡೀಬೇಕು ಅಂತ ಅದರರ್ಥ. ಈಗ ನೋಡಿ, ಬೀರುಗ ಓಡಿಹೋಗೋದಕ್ಕೆ ನೋಡ್ತಿರೋದು ಒಂದು ಕರಾರಿನಿಂದ, ಹೆಣ್ಣಿನಿಂದಲ್ಲ. ಚಂದಲೆಯೂ ಅದೇ ಕರಾರಿನಲ್ಲಿ ಸಿಕ್ಕಿಕೊಂಡವಳು, ಅವಳಿಗೂ ಸಿಟ್ಟು ಬರೋಕೆ ಕಾರಣವಿದೆ.

ಕಲ್ಲನ್ನ ಒಂದೇ ಸಲ ಓದಿಸಬೇಡಿ. ಹಳೇ ಕಲ್ಲುಗಳ ಕೆಳಗಿನ ಸಾಲುಗಳು ಎಷ್ಟೋ ಕಡೆ ಮಣ್ಣಲ್ಲಿ ಹೂತಿರುತ್ತವೆ. 4ನೇ ಅಧ್ಯಾಯದಲ್ಲಿ ಮೇಲಿನ ಸಾಲುಗಳು, ಹೆಸರು ಮಾತ್ರ. 24-25ರಲ್ಲಿ ಅಗೆದು ಉಳಿದದ್ದು. ಅಗೆಯೋದು ನಾಗಬ್ಬೆ, ಓದೋದು ಚಂದಲೆ ಆಗಲಿ. ಹೇಗೆ ಓದ್ತಾರೆ ಅನ್ನೋದನ್ನ ತಪ್ಪಿಲ್ಲದೆ ಬರೀರಿ: ಮೊದಲು ನೀರು ಹಾಕಿ ತೆಂಗಿನ ನಾರಿನಿಂದ ಪಾಚಿ ತಿಕ್ಕಬೇಕು. ಕಲ್ಲಿನ ಮುಖಕ್ಕೆ ನೇರವಾಗಿ ಬೀಳೋ ಬಿಸಿಲಲ್ಲಿ ಸವೆದ ಅಕ್ಷರ ಕಾಣಲ್ಲ. ರಾತ್ರಿ ಪಂಜನ್ನ ಕಲ್ಲಿನ ಪಕ್ಕಕ್ಕೆ, ಮೇಲ್ಮೈಗೆ ತಾಗುವ ಹಾಗೆ ಓರೆಯಾಗಿ ಹಿಡಿದರೆ ಗೆರೆಯೊಳಗೆ ನೆರಳು ನಿಂತು ಅಕ್ಷರ ಎದ್ದು ಬರುತ್ತೆ. ಪಂಜು ಹಿಡಿಯೋನು ಬೀರುಗ. ಮೂವರೂ ಒಂದೇ ಬೆಳಕಿನಲ್ಲಿ, ಸಂಭಾಷಣೆ ಕಡಿಮೆ ಸಾಕು.

ಶಾಸನಕ್ಕೆ ತೇದಿ ಹಾಕೋದಾದರೆ ಲೆಕ್ಕ ಸರಿ ಇರಲಿ. ಶಕವರ್ಷ ಬಳಸಿದರೆ, ಗತಶಕಕ್ಕೆ (ಕಳೆದ ಶಕವರ್ಷಗಳ ಸಂಖ್ಯೆಗೆ) 12 ಕೂಡಿಸಿ 60ರಿಂದ ಭಾಗಿಸಿ, ಶೇಷ ಎಷ್ಟೋ ಅಷ್ಟನೇ ಸಂವತ್ಸರ, ಪ್ರಭವ ಒಂದನೆಯದು, ಶೇಷ ಸೊನ್ನೆ ಬಂದರೆ ಕೊನೆಯ ಅಕ್ಷಯ. ಶಕ 1947ಕ್ಕೆ 39 ಬರುತ್ತೆ, ವಿಶ್ವಾವಸು. ಕಾಲ್ಪನಿಕ ಲೋಕ ತಾನೇ ಅಂತ ಬಾಯಿಗೆ ಬಂದ ಸಂವತ್ಸರ ಹಾಕಿದರೆ ಹಿಡಿಯೋರು ಇದ್ದೇ ಇರ್ತಾರೆ.

ಗುಳೇದಗುಡ್ಡ ಖಣ

ಸಂವತ್ಸರ ಹಿಡಿಯೋರು ಯಾರಂತ ಗೊತ್ತಾತು ಬಿಡ್ರಿ 😄

ಇಬ್ರೂ ಚಂದಲಿ ಬಗ್ಗೇನ ಹೇಳಿದ್ರಿ. ನನಗ ನಾಗಬ್ಬಿದ ಚಿಂತಿ. ಬರೇ ಸಮಾಧಾನ ಮಾಡಾಕಂತ ಇರೋ ಪಾತ್ರ ಕಡೀಕ ದಿಂಬು ಆಗಿಬಿಡತೈತಿ. 'ಕಾದಂಬರಿ' ಅನ್ನೋ ಹಳೇ ಕಾವ್ಯದೊಳಗಿನ ಪತ್ರಲೇಖೆ ಕತಿ ಗೊತ್ತಲ್ರೀ? ಬಾಣಭಟ್ಟಂದು, ಕನ್ನಡದಾಗ ಒಂದನೇ ನಾಗವರ್ಮನ 'ಕರ್ಣಾಟಕ ಕಾದಂಬರಿ'. ಕುಲೂತ ರಾಜನ ಮಗಳು, ಸೆರಿಸಿಕ್ಕು ಬಂದಾಕಿ. ನಾಯಕ ಚಂದ್ರಾಪೀಡನ ತಾಂಬೂಲದ ಕರಡಿಗಿ ಹಿಡಿಯೋ ಕೆಲಸ. ಹಗಲು ರಾತ್ರಿ ಅವನ ಬೆನ್ನಿಗೇ ಇರತಾಳ. ಅವನ ಮನಸು ಕಾದಂಬರಿ ಅನ್ನೋ ಗಂಧರ್ವ ಕನ್ಯೆ ಮ್ಯಾಲೆ, ಅದೂ ಶಾಪದ್ದು, ಜನ್ಮಜನ್ಮದ್ದು. ಪತ್ರಲೇಖಿಗೆ ಏನು ಅನಿಸ್ತು ಅಂತ ಕವಿ ಕೇಳಂಗೇ ಇಲ್ಲ. ಅವನ ಉಸಿರು ನಿಂತ ಮ್ಯಾಲೆ ಇಂದ್ರಾಯುಧ ಕುದುರಿ ಜೋಡಿ ಅಚ್ಛೋದ ಸರೋವರಕ್ಕ ಹಾರತಾಳ. ಕಡೀಕ ಆಕಿ ಚಂದ್ರನ ಹೆಂಡ್ತಿ ರೋಹಿಣಿ ಅಂತ ಒಂದು ಮಾತಿನ್ಯಾಗ ಮುಗಿಸ್ತಾರ. ಕವಿಗಳು ಅಲಕ್ಷ್ಯ ಮಾಡಿದ ಹೆಣ್ಣುಮಕ್ಕಳ ಬಗ್ಗೆ ರವೀಂದ್ರನಾಥ ಟಾಗೋರರು ಬರೆದಾಗ ಊರ್ಮಿಳಾ ಜೋಡಿ ಈಕಿನ್ನೂ ಸೇರಿಸಿದ್ರು.

ನಾಗಬ್ಬಿಗೆ ಏನು ಮಾಡ್ಬೇಕಂದ್ರ: ನಿದ್ದಿ ದೃಶ್ಯ ಮೂರಕ್ಕ ಇಳಸ್ರಿ. ಮೊದಲನೇದ್ರಾಗ ಅವ ಮಲಗತಾನ, ಓದೋರಿಗೆ ಹಿತ ಅನಸಲಿ. ಎರಡನೇದು ಆಕಿ ಕಣ್ಣಿಲೆ ಬರೀರಿ. ಇಡೀ ರಾತ್ರಿ ಎದ್ದು ಕುಂತಾಳ, ಕಾಲು ಜೋಮು ಹಿಡದೈತಿ, ಮುಂಜಾನೆ ಅಪ್ಪನ ಬದಲಿ ತೂಬಿಗೆ ಇಳೀಬೇಕು. ಮೂರನೇದ್ರಾಗ ಅವ ಬರತಾನ, ಆಕಿ 'ಇವತ್ತ ಆಗೂದಿಲ್ಲ' ಅಂತಾಳ. ಅವತ್ತ ಕೆರಿ ಏನಾಗತೈತಿ? ನಿಮ್ಮ ಕತಿ ನಡುಭಾಗ ಅಲ್ಲೇ ಐತಿ ನೋಡ್ರಿ.

ಹೊಸಗರಿ

ಎಲ್ಲರಿಗೂ ಧನ್ಯವಾದ. ಕರಾರಿನ ಶಾಸನ ತುಂಬಾ ಹಿಡಿಸ್ತು. ಎರಡು ಅನುಮಾನ. ಚಂದಲೆಯನ್ನ ನೋಡಿ ಕೆರೆ ಉಕ್ಕೋದನ್ನ ಇಟ್ಟುಕೊಳ್ಳಲಾ? ಮತ್ತೆ ಕೊನೆಯಲ್ಲಿ ಮಹಾಪೂರ ಬಂದಾಗ ಬೀರುಗ ಚಂದಲೆಯ ಕೈ ಹಿಡಿದು ಇಬ್ಬರೂ ತೂಬು ಎತ್ತಿ ಊರು ಉಳಿಸ್ತಾರೆ. ಅದು ನಡೆಯುತ್ತಾ?

ಮಸಿಕುಡಿಕೆ

ಉಕ್ಕೋದು ಬೇಡ. ನಿಮ್ಮ ಲೋಕದಲ್ಲಿ ಕೆರೆ ಉಕ್ಕಿದರೆ ಜನ ಸಾಯ್ತಾರೆ ಅಂತ ಮೊದಲೇ ಹೇಳಿದ್ದೀರಿ. 18ರಲ್ಲಿ ಅದೇ ಉಕ್ಕನ್ನ ಪ್ರೇಮದ ಗುರುತು ಅಂದರೆ ಓದುಗರು ಚಂದಲೆಯನ್ನ ಅಪಾಯ ಅಂತಲೇ ಓದ್ತಾರೆ, ಅದು ಅವರ ತಪ್ಪಲ್ಲ. ಪುಟ ಹಾರಿಸೋದಕ್ಕೆ ಅರ್ಧ ಕಾರಣ ಇದೇ ಇರಬೇಕು.

ಹೀಗೆ ಮಾಡಿ: ನಾಗಬ್ಬೆಯ ಹತ್ತಿರ ಅವನ ಸಿಟ್ಟು ಮಲಗುತ್ತೆ, ತೀರೋದಿಲ್ಲ. ಚಂದಲೆ ಅವನನ್ನ ಕೆಣಕ್ತಾಳೆ, ಅವನು ಕೂಗಾಡ್ತಾನೆ, ಆದರೆ ನೀರು ಗೆರೆ ಮೀರಲ್ಲ. ಮೊದಲ ಸಲ ಅದನ್ನ ಗಮನಿಸೋಳು ನಾಗಬ್ಬೆ, ತೂಬಿನ ಕಂಬದ ಮೇಲಿನ ನೀರಿನ ಗುರುತು ನೋಡಿ. ಬೀರುಗನಿಗೆ ಗೊತ್ತಾಗೋದಕ್ಕಿಂತ ನಾಲ್ಕೈದು ಅಧ್ಯಾಯ ಮುಂಚೆ ಅವಳಿಗೆ ಗೊತ್ತಿರಬೇಕು. ಇಬ್ಬರಲ್ಲಿ ಯಾರು ಹೆಚ್ಚು ಪ್ರೀತಿಸ್ತಾರೆ ಅನ್ನೋ ಟಿವಿ ಧಾರಾವಾಹಿಯ ಜಗಳ ಅಲ್ಲಿಗೆ ಮುಗೀತು.

18 ತುಂಬಾ ತಡ. ಚಂದಲೆ 6 ಅಥವಾ 7ರಲ್ಲಿ ಹೆಸರಿಲ್ಲದೆ ಬರಲಿ, ಯಾವುದೋ ಕೆಲಸದಲ್ಲಿರಲಿ, ಬೀರುಗನ ಜೊತೆ ಲೆಕ್ಕಕ್ಕೋ ದಾರಿಗೋ ಜಗಳವಾಡಿ ಹೋಗಲಿ. ಕಲ್ಲಿನ ಮೇಲಿನ ಹೆಸರು ಅವಳದ್ದು ಅಂತ 14ರ ಸುಮಾರಿಗೆ ತಿಳಿದರೆ ಸಾಕು. ಓದುಗರು ಆಗಲೇ ಅವಳನ್ನ ಬಲ್ಲವರಾಗಿರ್ತಾರೆ.

ವಿಧಿಗೆ ಷರತ್ತು ಬೇಕಿದ್ದರೆ ಕಾಳಿದಾಸ 'ವಿಕ್ರಮೋರ್ವಶೀಯ'ದಲ್ಲಿ ಹಾಕಿದ್ದನ್ನ ನೋಡಿ: ಪುರೂರವ ಮಗನ ಮುಖ ಕಂಡ ದಿನ ಊರ್ವಶಿ ಸ್ವರ್ಗಕ್ಕೆ ಮರಳಬೇಕು. ಅದಕ್ಕೇ ಅವಳು ಹೆತ್ತ ಮಗುವನ್ನೇ ಚ್ಯವನರ ಆಶ್ರಮದಲ್ಲಿ ಬಚ್ಚಿಡ್ತಾಳೆ. ಷರತ್ತು ಅಂದರೆ ಹಾಗಿರಬೇಕು, ಅದನ್ನ ಉಳಿಸಿಕೊಳ್ಳೋಕೆ ಪಾತ್ರ ಏನಾದರೂ ದೊಡ್ಡದನ್ನ ಬಿಡಬೇಕಾಗಬೇಕು. ಚಂದಲೆ ಏನು ಬಿಡ್ತಾಳೆ ಅನ್ನೋದು ನಿಮ್ಮ ಎಳೆಯಲ್ಲಿ ಎಲ್ಲೂ ಬಂದಿಲ್ಲ.

ಕೋಡಿಬಿದ್ದ ಕೆರೆ

ಪ್ರೇಮದ ವಿಷಯ ದೊಡ್ಡವರು ನೋಡ್ಕೊಂಡ್ರು. ಕೊನೇ ದೃಶ್ಯದಲ್ಲಿ ಕೆರೆಯ ವಿಷಯ ತಪ್ಪಿದೆ, ಅದನ್ನ ಸರಿ ಮಾಡಿದ್ರೆ ಉಳಿದದ್ದೂ ಸರಿಹೋಗಬಹುದು.

ತೂಬು ಇರೋದು ಗದ್ದೆಗೆ ನೀರು ಬಿಡೋಕೆ. ಕೆರೆಯೊಳಗೆ ಎರಡು ಕಲ್ಲುಕಂಬ, ಅವಕ್ಕೆ ಅಡ್ಡ ಚಪ್ಪಡಿಗಳು, ತಳದಲ್ಲಿ ಒಂದು ರಂಧ್ರ, ಅದಕ್ಕೆ ಉದ್ದ ಕೋಲಿನ ತುದಿಯಲ್ಲಿರೋ ಬಿರಡೆ. ಅದನ್ನ ಪೂರ್ತಿ ಎತ್ತಿದ್ರೂ ಹೊರಗೆ ಹೋಗೋದು ಒಂದು ಕಾಲುವೆಯಷ್ಟು ನೀರು. ಮಹಾಪೂರಕ್ಕೆ ಅದು ಯಾವ ಮೂಲೆಗೂ ಸಾಲಲ್ಲ. ಹೆಚ್ಚಿನ ನೀರು ಹೋಗೋ ದಾರಿ ಕೋಡಿ. ಕೋಡಿಗೆ ಮರ, ಕಸ ಸಿಕ್ಕಿ ಕಟ್ಟಿಕೊಂಡ್ರೆ ನೀರು ಮಣ್ಣಿನ ಏರಿ ಹತ್ತಿ ಹರಿಯುತ್ತೆ, ಹರಿದ ಕಡೆ ಹಿಂಬದಿಯ ಮಣ್ಣು ಕೊರೆದು ಏರಿ ಹೋಗುತ್ತೆ. ಪೂರ ಬಂದಾಗ ತೂಬಿನ ಹತ್ತಿರ ಹೋಗೋದೂ ಆಗಲ್ಲ, ಕಂಬದ ತಲೆ ಮುಳುಗಿರುತ್ತೆ.

ಹಾಗಾಗಿ ಇಬ್ಬರು ಕೈ ಕೈ ಹಿಡ್ಕೊಂಡು ನಿಲ್ಲೋಕೆ ಅಲ್ಲಿ ಜಾಗ ಇಲ್ಲ. ಏರಿಯ ಒಂದು ತುದಿ ಕೋಡಿ, ಅಲ್ಲಿ ಸಿಕ್ಕಿಬಿದ್ದ ಮರ ಬಿಡಿಸಬೇಕು. ಇನ್ನೊಂದು ಕಡೆ ಏರಿಯ ತಗ್ಗಿದ ಜಾಗ, ಅಲ್ಲಿ ಮಣ್ಣಿನ ಮೂಟೆ, ಸೊಪ್ಪಿನ ಹೊರೆ ಹಾಕಿ ಎತ್ತರಿಸಬೇಕು. ನಾಗಬ್ಬೆ ಕಾವಲುಗಾರನ ಮಗಳು, ಎಲ್ಲಿ ತಗ್ಗಿದೆ ಅಂತ ಕತ್ತಲಲ್ಲೂ ಗೊತ್ತಿರೋದು ಅವಳಿಗೇ. ಜನರನ್ನ ಸೇರಿಸಿ ಅಲ್ಲಿ ನಿಲ್ಲೋಳು ಅವಳು. ಕೋಡಿಯ ಕಲ್ಲಿನ ಮೇಲೆ ಹಗ್ಗ ಕಟ್ಟಿಕೊಂಡು ಇಳಿಯೋನು ಬೀರುಗ, ಹಗ್ಗದ ಇನ್ನೊಂದು ತುದಿ ಚಂದಲೆ ಕೈಯಲ್ಲಿ. ಹಗ್ಗವನ್ನ ಅವಳ ಸೊಂಟಕ್ಕೆ ಕಟ್ಟಿಸಬೇಡಿ, ಇಬ್ಬರೂ ಹೋಗ್ತಾರೆ. ದಡದಲ್ಲಿ ಬೇರೂರಿರೋ ಗಟ್ಟಿ ಮರಕ್ಕೆ ಎರಡು ಸುತ್ತು ಸುತ್ತಿ ತುದಿ ಹಿಡಿದ್ರೆ ಒಬ್ಬಳೇ ತಡೀಬಹುದು. ಮರ ಬಿಡಿಸುವಾಗ ಬೀರುಗ ಕೆಳಗಡೆ ನಿಲ್ಲಬಾರದು, ಬಿಟ್ಟ ತಕ್ಷಣ ಮರವೂ ನೀರೂ ಒಟ್ಟಿಗೆ ನುಗ್ಗುತ್ತೆ. ಪಕ್ಕದ ಕಟ್ಟೆಯ ಮೇಲೆ ನಿಂತು ಕೊಂಬೆಗಳನ್ನ ಒಂದೊಂದಾಗಿ ಕಡೀಲಿ.