“ತಿಳೀತ್ರೀ ಸರ್” ಅಂತಾರ, ಬರಿಯಾಕ ಕೊಟ್ರ ಎಲ್ಲಾ ತಪ್ಪು

ಅತಿಥಿ ಮಾಸ್ತರ, ಶಹಾಪುರ ಕಡಿ:
ಯಾದಗಿರಿ ಜಿಲ್ಲಾದ ಒಂದು ಸರ್ಕಾರಿ ಶಾಲ್ಯಾಗ ಆರನೇ ಕ್ಲಾಸಿಗಿ ಗಣಿತ ಹೇಳ್ತೀನ್ರಿ. ಇದು ಎರಡನೇ ವರ್ಷ. ನಾ ಚಲೋ ಹೇಳ್ತೀನಿ ಅಂತ ಭಾಳ ಭರೋಸಾ ಇತ್ತು. ಬೋರ್ಡ್ ತುಂಬ ಬಣ್ಣದ ಚಾಕ್‌ಪೀಸ್ ಚಿತ್ರ ಬಿಡಿಸಿ, ಕೊನಿಗಿ “ತಿಳೀತಾ?” ಅಂದ್ರ ಪತ್ರಾ ಹಾರಿ ಹೋಗೋಹಂಗ “ತಿಳೀತ್ರೀ ಸರ್” ಅಂತ ಒದರ್ತಾರ. ಸೋಮವಾರ 1/2 + 1/4 ಕೊಟ್ಟೆ. 41 ಮಂದಿಯೊಳಗ 29 ಮಂದಿ 2/6 ಅಂತ ಬರದಾರ! ಮತ್ತ ಮೊದಲಿಂದ ಹೇಳ್ಲಾ? ಚಲೋ ಮಾಸ್ತರ ಅನಿಸ್ಕೊಳ್ಳಾಕ ಇನ್ನೇನ್ ಮಾಡ್ಬೇಕ್ರಿ?

ರಿಟೈರ್ಡ್ ಮಾಸ್ತರ, ಬೀದರ್:
ಮತ್ತ ಹೇಳಬ್ಯಾಡ ತಮ್ಮಾ, ಕೇಳು. 29 ಮಂದಿ ಒಂದೇ ತಪ್ಪು ಮಾಡ್ಯಾರ ಅಂದ್ರ ಅದರಾಗ ಒಂದು ಲೆಕ್ಕ ಅದ. ಮ್ಯಾಲಿನವು ಮ್ಯಾಲ ಕೂಡಿಸ್ಯಾರ, ಕೆಳಗಿನವು ಕೆಳಗ. ಕೂಡಿಸೋದು ನಾವೇ ಕಲಿಸಿದ್ದಲ್ಲ?

ನನ್ನ ಕ್ಲಾಸಿನಾಗೂ ಒಬ್ಬ ಇದ್ದ, ಅವರಪ್ಪಂದು ಕಿರಾಣಿ ಅಂಗಡಿ. “ಅರ್ಧ ಕಿಲೋ ಬ್ಯಾಳಿ, ಮ್ಯಾಲ ಪಾವ್ ಕಿಲೋ, ಎಷ್ಟಾತು?” ಅಂದೆ. ಕಣ್ಣು ಮಿಟುಕಸದ್ರಾಗ “ಪೌಣ ಕಿಲೋ ರೀ” ಅಂದ, ಅಂದ್ರ ಮುಕ್ಕಾಲು. ಪಾಟಿ ಮ್ಯಾಲ ಮಾತ್ರ 2/6. “2/6 ಅಂದ್ರ ಮೂರರಾಗ ಒಂದು ಪಾಲು, ಅರ್ಧಕ್ಕಿಂತ ಕಡಿಮಿ. ಬ್ಯಾಳಿ ಹಾಕಿದ ಮ್ಯಾಲ ತೂಕ ಇಳೀತೇನೋ?” ಅಂದ್ರ ನಕ್ಕ. ಮರುದಿನ ತಕ್ಕಡಿ ತರಿಸ್ದೆ. 500 ಗ್ರಾಂ ಕಲ್ಲು ತಗದು 250ರ ಎರಡು ಕಲ್ಲು ಇಟ್ಟೆ. ಮತ್ತೊಂದು ಪಾವ್ ಇಟ್ಟೆ. “ಮೂರು ಪಾವ್” ಅಂತ ತಾನೇ ಎಣಿಸಿ 3/4 ಬರದ. ಕೆಳಗಿನ ಸಂಖ್ಯಾ ಕಲ್ಲಿನ ಹೆಸರು, ಮ್ಯಾಲಿನದು ಅಂಥವು ಎಷ್ಟು ಅಂತ. ಹೆಸರಿಗಿ ಹೆಸರು ಕೂಡಿಸ್ತಾರೇನು? ಇಷ್ಟು ತಿಳೀಲಾಕ ನನಗೇ ಹನ್ನೊಂದು ವರ್ಷ ಹಿಡೀತು.

ಬಿ.ಎಡ್ ಹುಡುಗ, ಕಲಬುರಗಿ:
ಪ್ರಶ್ನೆ ಕೇಳಿ ಎಷ್ಟೊತ್ತು ಕಾಯ್ತೀರಿ ಸರ್? 1970ರ ದಶಕದಾಗ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅನ್ನೋರು ಇದನ್ನೇ ಅಳದಾರ. ಶಿಕ್ಷಕರು ಸುಮಾರು ಒಂದೇ ಸೆಕೆಂಡ್ ಕಾಯ್ತಿದ್ರಂತ. ಮೂರು ಸೆಕೆಂಡ್ ಸುಮ್ನಿದ್ರ ಮಕ್ಕಳ ಉತ್ತರ ಉದ್ದ ಆಗ್ತಾವ, ಸುಮ್ನ ಕೂಡೋರೂ ಬಾಯಿ ಬಿಡ್ತಾರ.

ತಾಂಡಾದಾಕಿ:
ನಾನೂ “ತಿಳೀತ್ರೀ” ಅಂತ ಒದರ್ತಿದ್ದೆ ಅಣ್ಣಾ. ಮನ್ಯಾಗ ಲಂಬಾಣಿ, ಪುಸ್ತಕದಾಗ “ಛೇದ”. ತಿಳೀಲಿಲ್ಲ ಅಂದ್ರ ಎದ್ದು ನಿಂದ್ರಿಸ್ತಿದ್ರು. ಒದರಿದ್ರ ಬಚಾವ್.

ಗುಮಾಸ್ತ, ಸೇಡಂ:
ಎಲ್ಲಾ ಮಾಸ್ತರ ತಲಿಗೇ ಕಟ್ಟಬ್ಯಾಡ್ರಿ. 2009ರ ಆರ್‌ಟಿಇ, ಅಂದ್ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಆರರಿಂದ ಎಂಟರ ತನಕ 35 ಮಕ್ಕಳಿಗಿ ಒಬ್ಬ ಶಿಕ್ಷಕ ಇರಬೇಕು. ಇವರ ಹತ್ರ 41. ಅವರಾಗ ಅವ್ವ-ಅಪ್ಪನ ಕೂಡ ಪುಣೆ, ಬೆಂಗಳೂರಿಗಿ ದುಡೀಲಾಕ ಹೋಗಿ ಬಂದವು ಎಷ್ಟೋ!

ಅತಿಥಿ ಮಾಸ್ತರ, ಶಹಾಪುರ ಕಡಿ:
ಖರೇ ಅದ ಸರ್, ನಾಕು ಮಂದಿ ದೀಪಾವಳಿ ಆದ ಮ್ಯಾಲೇ ಬಂದಾರ. ಅಕ್ಕಾ, ನಿಮ್ಮ ಮಾತು ಓದಿ “ತಿಳೀತಾ?” ಅನ್ನೋದೇ ಬಿಟ್ಟೀನಿ.

ಮಾಸ್ತರ್ರೇ, ಇವತ್ತು ಅಂಗಡಿಯಿಂದ ತಕ್ಕಡಿ ತಂದಿದ್ದೆ. ಅರ್ಧ, ಪಾವ್ ಎಲ್ಲಾ ಸರಳ ಹೋತು. ಆಮ್ಯಾಲ 1/2 + 1/3 ಬರದು, ಬಾಯಿ ಕಟ್ಕೊಂಡು ನಿಂತೆ. ಮೂರು ಸೆಕೆಂಡ್ ಇಷ್ಟು ಉದ್ದ ಅಂತ ಗೊತ್ತಿರ್ಲಿಲ್ಲ ನೋಡ್ರಿ, ಬೆವರು ಬಂತು. ಹಿಂದ ಕೂಡೋ ಹುಡುಗಿ, ಜೂನ್‌ದಿಂದ ಒಂದು ಮಾತಾಡಿಲ್ಲ, ಎದ್ದು ನಿಂತು ಕೇಳಿದ್ಲು: “ಸರ್, ಅರ್ಧಾನೂ ಅಳೀಬೇಕು, ಮೂರರಾಗ ಒಂದು ಪಾಲೂ ಅಳೀಬೇಕಂದ್ರ ಯಾವ ಕಲ್ಲು ಇಡಬೇಕ್ರಿ?”

ನಾಳಿ ಹೇಳ್ತೀನಿ ಅಂದು ಬಂದೀನಿ. ಆರನೇ ಪಾಲಿನ ಕಲ್ಲು ಅಂತ ಹೇಳಿಬಿಡ್ಲಾ, ಇಲ್ಲಾ ಆಕಿ ಕೈಯಾಗೇ ತಕ್ಕಡಿ ಕೊಡ್ಲಾ?