ಪದಚರ್ಚೆ: ಕ್ಯಾಮೆರಾದ ಗ್ರಿಪ್ ಬಿಟ್ಟುಕೊಂಡರೆ ಕನ್ನಡದಲ್ಲಿ ಹೇಗೆ ಬರೆಯುವುದು? (ತುರ್ತು)

ಸು. ಭ., ಮಣಿಪಾಲ:

ಎಲ್ಲರಿಗೂ ನಮಸ್ಕಾರ. ಹಳೆಯ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾಗಳ ಮೈಮೇಲಿನ ರಬ್ಬರನ್ನು ಮನೆಯಲ್ಲೇ ಮತ್ತೆ ಅಂಟಿಸುವ ಕುರಿತ ಒಂದು ಹಾಳೆಯ ಸೂಚನೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕರಡು ಜೊತೆಗಿದೆ, ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಉದಾಹರಣೆಗೆ ಇಟ್ಟುಕೊಂಡಿರುವುದು 2007ರ ನಿಕಾನ್ ಡಿ300 ಮತ್ತು 2008ರ ಡಿ700. ಎರಡರಲ್ಲೂ ಬಲಗೈ ಹಿಡಿಯುವ ಜಾಗ, ಹಿಂದೆ ಹೆಬ್ಬೆರಳು ಕೂರುವ ಜಾಗ, ಕಾರ್ಡಿನ ಬಾಗಿಲು, ಎಡಬದಿ – ಇಲ್ಲೆಲ್ಲ ರಬ್ಬರ್ ತುಂಡುಗಳಿವೆ.

ಸಿಕ್ಕಿಕೊಂಡಿರುವುದು ಇಷ್ಟು. ಒಂದು, ಗ್ರಿಪ್‌ಗೆ ‘ಹಿಡಿಕವಚ’ ಎಂದು ಬರೆದಿದ್ದೇನೆ, ಆಗಬಹುದೇ? ಎರಡು, ರಬ್ಬರ್ ಜಾಗ ಬಿಟ್ಟು ಏಳುವುದಕ್ಕೆ ‘ಸಡಿಲಿಕೆ’ ಸಾಕೇ? ಮೂರು, ಎರಡೂ ಕಡೆ ಅಂಟಿರುವ ಟೇಪಿಗೆ ಏನೆನ್ನಲಿ? ನಾಲ್ಕು, ಹಳೆ ಟೇಪು ಕಿತ್ತ ಮೇಲೆ ಮೈಮೇಲೆ ಉಳಿಯುವುದಕ್ಕೆ ‘ಶೇಷ’ ಎಂದಿದ್ದೇನೆ. ಅದು ಗಣಿತದಂತೆ ಕೇಳುತ್ತಿದೆ.

ವಿ. ರಾ., ಮೈಸೂರು:

‘ಹಿಡಿಕವಚ’ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತವನ್ನು ಜೋಡಿಸಿದ್ದು. ಬಿಡಿ. ‘ಶೇಷ’ವನ್ನೂ ಬಿಡಿ, ಅಂಟಿದ್ದು ಉಳಿದರೆ ಕನ್ನಡದಲ್ಲಿ ಅದು ‘ಉಳಿದ ಅಂಟು’. ಎಲ್ಲಕ್ಕೂ ನಾಮಪದ ಹುಡುಕುವ ಚಟ ಇಂಗ್ಲಿಷನ್ನು ಎದುರಿಗಿಟ್ಟುಕೊಂಡು ಬರೆಯುವವರದು. ಕನ್ನಡ ಕೃದಂತದಲ್ಲಿ, ಅಂದರೆ ‘ಉಳಿದ’ದಂತೆ ಕ್ರಿಯೆಯಿಂದ ಹುಟ್ಟಿದ ರೂಪದಲ್ಲಿ, ಸುಖವಾಗಿ ನಡೆಯುತ್ತದೆ.

ಕಿ., ಬೆಂಗಳೂರು:

ಗ್ರಿಪ್ ಎಂಬ ಪದವನ್ನು ಇಟ್ಟುಕೊಳ್ಳಲೇಬೇಕಾದ ಕಟ್ಟಲೆ ಎಲ್ಲಿದೆ? ‘ಹಿಡಿ’ ಎಂಬ ಬೇರಿನಿಂದಲೇ ಹಿಡಿಕೆ, ಹಿಡಿತ, ಹಿಡುವಳಿ ಎಲ್ಲ ಬಂದಿವೆ. ಇಲ್ಲಿ ಬೇಕಿರುವುದು ಕಯ್ ಹಿಡಿಯುವ ಕಡೆ ಹೊದಿಸಿದ ವಸ್ತು. ‘ಹಿಡಿಹೊದಿಕೆ’ ಎಂದರೆ ಮುಗಿಯಿತು. ಎರಡೂ ಕಡೆ ಅಂಟಿರುವ ಟೇಪಿಗೆ ‘ಇಬ್ಬದಿ ಅಂಟುಪಟ್ಟಿ’. ‘ಸಡಿಲಿಕೆ’ ಬೇಡ, ‘ಸಡಿಲ’ ಎಂಬ ಅಚ್ಚಗನ್ನಡ ಪದವೇ ಇದೆ.

ಜ. ಕಾ., ಹುಬ್ಬಳ್ಳಿ:

ಸು. ಭ. ಅವರೇ, ಹೆಸರಿನ ಮಾತು ಆಮೇಲೆ. ಮೊದಲು ‘ಸಡಿಲ’ ತೆಗೀರಿ. ಅದೊಂದೇ ಪದ ಹಾಕಿದರೆ ಓದಿದವರು ತಪ್ಪು ಕೆಲಸ ಮಾಡ್ತಾರ. ಕೆಲಸದ ಮೇಜಿನ ಮೇಲೆ ಇದು ಒಂದು ದೋಷ ಅಲ್ಲ, ಮೂರು. ಮೂರಕ್ಕೂ ಮದ್ದು ಬೇರೆ.

ಅಂಚು ಎದ್ದಿದೆ: ರಬ್ಬರ್ ಸರಿ ಇದೆ, ಅಳತೆಯೂ ಸರಿ ಇದೆ, ಕೆಳಗಿನ ಟೇಪು ಮಾತ್ರ ಸತ್ತಿದೆ. ಹೊಸ ಟೇಪು ಹಾಕಿದರೆ ಮುಗೀತು.

ಹಿಗ್ಗಿದೆ: ಕೈಯ ಬೆವರು, ಚರ್ಮದ ಎಣ್ಣೆ ವರ್ಷಗಟ್ಟಲೆ ಒಳಗಿಳಿದು ರಬ್ಬರ್ ಬೆಳೆದಿದೆ. ಕೂರುವ ತಗ್ಗಿಗಿಂತ ಒಂದೆರಡು ಮಿಲಿಮೀಟರ್ ದೊಡ್ಡದಾದರೂ ಸಾಕು, ಒತ್ತಿ ಕೂರಿಸಿದರೆ ನಡುವೆ ಉಬ್ಬುತ್ತದೆ, ನಡುವೆ ಒತ್ತಿದರೆ ಅಂಚು ಏಳುತ್ತದೆ. ಮಳೆಗಾಲದ ಬಾಗಿಲು ಚೌಕಟ್ಟಿಗೆ ಕೂರದ ಹಾಗೆ. ಇದಕ್ಕ ಎಂಥ ಅಂಟು ಹಾಕಿದರೂ ವಾರದೊಳಗೆ ಮತ್ತೆ ಏಳುತ್ತದೆ, ಯಾಕಂದರೆ ತಪ್ಪು ಅಂಟಿನದಲ್ಲ, ಅಳತೆಯದು. ಬಿಸಿ ಮಾಡಿದರೆ ಕುಗ್ಗುತ್ತದೆ ಅನ್ನೋದು ಸುಳ್ಳು. ಬಿಸಿಗೆ ಮೆತ್ತಗಾಗುತ್ತದೆ, ಅಷ್ಟೇ, ಒಳಗಿನ ಎಣ್ಣೆ ಒಳಗೇ ಇರುತ್ತದೆ. ಹೊಸ ತುಂಡು ತರಿಸೋದೇ ದಾರಿ. ಮಾದರಿಗೆ ತಕ್ಕ ಆಕಾರದ, ಹಿಂದೆ ಟೇಪು ಹಚ್ಚಿಯೇ ಬರುವ ತುಂಡು ಸಿಗುತ್ತವೆ. ಹಿಗ್ಗಿದ ಹಳೆಯದನ್ನೇ ಕತ್ತರಿಸಿ ಕೂರಿಸಬಹುದು, ಆದರೆ ಅಂಚಿನ ತೆಳು ತುಟಿ ಹೋಗಿಬಿಡುತ್ತದೆ. ಅಲ್ಲಿ ಧೂಳು ಸೇರಿ ಮತ್ತೆ ಏಳುತ್ತದೆ.

ಮೇಲೆ ಅಂಟಂಟಾಗಿದೆ: ರಬ್ಬರ್ ಜಾಗದಲ್ಲೇ ಇದೆ, ಮುಟ್ಟಿದರೆ ಕೈಗೆ ಹತ್ತುತ್ತದೆ. ನಿಕಾನ್ ಎಫ್90 ಕಾಲದ ಫಿಲ್ಮ್ ಕ್ಯಾಮೆರಾಗಳ ಹಿಂಬಾಗಿಲಿನ ಮೇಲೆ ಬಳಿದ ಮೆತ್ತನೆಯ ಲೇಪ ಕರಗಿದಂತಾಗುವುದು ಇದೇ ಜಾತಿ. ಅಲ್ಲಿ ಟೇಪಿನ ಮಾತೇ ಇಲ್ಲ. ಲೇಪವನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ತೆಗೀಬೇಕು.

ಎದ್ದಿದೆ, ಹಿಗ್ಗಿದೆ, ಅಂಟಂಟಾಗಿದೆ. ಈ ಮೂರು ಕ್ರಿಯಾಪದ ತಲೆಬರಹಕ್ಕೆ ಹಾಕ್ರಿ. ಓದುವವರು ತಮ್ಮ ಕ್ಯಾಮೆರಾ ಯಾವುದರೊಳಗೆ ಬರುತ್ತದೆ ಅಂತ ತಾವೇ ಹುಡುಕ್ತಾರ.

ವಿ. ರಾ., ಮೈಸೂರು:

ಕಿ. ಅವರಿಗೆ: ‘ಸಡಿಲ’ ಅಚ್ಚಗನ್ನಡವಲ್ಲ. ಶಿಥಿಲ – ಸಡಿಲ, ತದ್ಭವ. ಅಚ್ಚಗನ್ನಡದ ಹೆಸರಿನಲ್ಲಿ ಇಂಗ್ಲಿಷನ್ನು ಹೊರಹಾಕಲು ನೀವು ಕರೆದು ತಂದದ್ದು ಸಂಸ್ಕೃತದ ಪದವನ್ನು. ಅದರಲ್ಲಿ ತಪ್ಪಿಲ್ಲ, ನಮ್ಮ ಬಾಯಿಗೆ ಒಗ್ಗಿಸಿಕೊಂಡದ್ದು ನಮ್ಮದೇ. ವ್ಯಾಕರಣಕಾರ ಕೇಶಿರಾಜ 13ನೇ ಶತಮಾನದಲ್ಲೇ ತದ್ಭವಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟ. ಹಾಗಾದರೆ ‘ಗ್ರಿಪ್ಪು’ ಎಂದು ಉಕಾರ ಸೇರಿಸಿ ಊರವರು ಆಡುವುದು ಏಕೆ ತದ್ಭವವಲ್ಲ?

ಜ. ಕಾ. ಅವರ ಮೂರು ಕ್ರಿಯಾಪದ ಒಪ್ಪಿದೆ.

ಕಿ., ಬೆಂಗಳೂರು:

ತಿದ್ದಿದ್ದು ಸರಿ, ‘ಸಡಿಲ’ ಬಿಟ್ಟೆ. ಆದರೆ ಎಂಟುನೂರು ವರುಶದ ಹಿಂದೆ ಒಗ್ಗಿದ್ದಕ್ಕೂ ನಿನ್ನೆ ಹೊತ್ತು ತಂದಿದ್ದಕ್ಕೂ ಒಂದೇ ತಕ್ಕಡಿಯೇ? ಗ್ರಿಪ್, ಟೇಪ್, ಪ್ರಯ್ಮರ್ (ಅಂಟಿಸುವ ಮೊದಲು ಬಳಿಯುವುದು), ಕ್ಲೀನ್ ಎಂದು ಸಾಲಿಗೆ ನಾಲ್ಕು ಬಂದರೆ ಅದು ಕನ್ನಡದ ಹಾಳೆಯಲ್ಲ. ಒಂದು ಮಗು ಅದನ್ನು ಓದಿ ಈ ಕೆಲಸಕ್ಕೆ ಕನ್ನಡವೇ ಸಾಲದು ಎಂದುಕೊಳ್ಳುತ್ತದೆ. ಆ ನೋವು ನಿಮಗೆ ತಟ್ಟುವುದಿಲ್ಲವೇ?

ಲ. ಹೆ., ಸುಳ್ಯ:

ತಟ್ಟುತ್ತದೆ. ಆದರೆ ಪರಿಹಾರ ‘ಹಿಡಿಹೊದಿಕೆ’ಯಲ್ಲ. ಸೈಕಲ್ಲಿಗೆ ಗ್ರಿಪ್ ಹಾಕಿಸುವ, ಬ್ಯಾಟಿಗೆ ಗ್ರಿಪ್ ಏರಿಸುವ ಹುಡುಗರಿಲ್ಲದ ಊರು ಯಾವುದಿದೆ? ‘ಹಿಡಿಕೆ’ಯನ್ನೂ ಹಾಕಬೇಡಿ. ಕೊಡೆಗೆ, ಬಾಣಲೆಗೆ ಹಿಡಿಕೆ ಇರುತ್ತದೆ, ಅದು ವಸ್ತುವಿನ ಅಂಗ. ‘ಹಿಡಿಕೆ ಕಿತ್ತುಬಂದಿದೆ’ ಎಂದು ಓದಿದರೆ ಕ್ಯಾಮೆರಾದ ಮೈಯೇ ಮುರಿದಿದೆ ಎಂದುಕೊಳ್ಳುತ್ತಾರೆ. ಇಲ್ಲಿ ಮುಂಭಾಗದ ಉಬ್ಬು ಹಿಡಿಕೆ, ಅದರ ಮೇಲಿನದು ಗ್ರಿಪ್ ರಬ್ಬರ್. ರಬ್ಬರಂತೂ ನಮ್ಮ ಕಡೆ ಬೆಳೆ. ಮರದಿಂದ ಬರುವುದು ‘ರಬ್ಬರ್ ಹಾಲು’. ಒಂದು ಪದ ಹೊರಗಿನದು, ಒಂದು ಒಳಗಿನದು, ತೋಟದಲ್ಲಿ ಯಾರಿಗೂ ಮುಜುಗರವಿಲ್ಲ.

ಕನ್ನಡ ಸಾಲದು ಎನ್ನಿಸುವುದು ನಾಮಪದದಿಂದಲ್ಲ, ಕ್ರಿಯಾಪದ ಕೈಕೊಟ್ಟಾಗ. ‘ಗ್ರಿಪ್ ರಿಮೂವ್ ಮಾಡಿ ಸರ್ಫೇಸ್ ಕ್ಲೀನ್ ಮಾಡಿ’ ಎಂದಾಗ. ಅಲ್ಲಿ ಜಗಳವಾಡಿ, ನಾನೂ ನಿಮ್ಮ ಜೊತೆ ನಿಲ್ಲುತ್ತೇನೆ.

ಇನ್ನೊಂದು ಮಾತು. ಕರಡಿನಲ್ಲಿ ಜಿಡ್ಡು ಮತ್ತು ಜಿಗುಟು ಬೆರೆಯದಂತೆ ನೋಡಿಕೊಳ್ಳಿ. ಕೈಯಿಂದ ಬಂದದ್ದು ಜಿಡ್ಡು, ಹಳೆ ಟೇಪಿನದು ಜಿಗುಟು. ನಾಲ್ಕನೆಯ ಪ್ರಶ್ನೆಗೆ ಉತ್ತರವೂ ಅದೇ, ‘ಜಿಗುಟು’.

ಜ. ಕಾ., ಹುಬ್ಬಳ್ಳಿ:

ಮೇಡಂ ಹೇಳಿದ್ದು ಬಹಳ ಮುಖ್ಯ, ಎರಡಕ್ಕೂ ತೊಳೆಯುವ ವಸ್ತು ಬೇರೆ. ರಬ್ಬರಿನ ಜಿಡ್ಡಿಗೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನ ಎರಡು ಹನಿ, ಮೆತ್ತನೆಯ ಬ್ರಷ್. ಆಮೇಲೆ ನೆರಳಲ್ಲಿ ಪೂರ್ತಿ ಒಂದು ದಿನ ಒಣಗಲಿ. ಮೈಮೇಲಿನ ಜಿಗುಟನ್ನು ಮೊದಲು ಹೆಬ್ಬೆರಳಲ್ಲಿ ಉರುಳಿಸಿ ಉಂಡೆ ಮಾಡಿ ತೆಗೆಯೋದು, ಉಳಿದದ್ದಕ್ಕ ಶೇ. 99ರ ಐಸೊಪ್ರೊಪೈಲ್ ಆಲ್ಕೋಹಾಲ್, ಹತ್ತಿಕಡ್ಡಿಗೆ ಹಚ್ಚಿ. ಬಾಟಲಿಯಿಂದ ನೇರ ಸುರಿಯಬಾರದು, ಗುಂಡಿಗಳ ಸಂದಿನಿಂದ ಒಳಗೆ ಇಳಿಯುತ್ತದೆ. ಅಸಿಟೋನ್, ಅಂದರೆ ನೇಲ್ ಪಾಲಿಶ್ ತೆಗೆಯುವುದು, ಬೇಡವೇ ಬೇಡ. ಪ್ಲಾಸ್ಟಿಕ್ ಮತ್ತು ಬಣ್ಣ ಎರಡನ್ನೂ ತಿನ್ನುತ್ತದೆ. ಸೀಮೆಎಣ್ಣೆ, ಕೊಬ್ಬರಿ ಎಣ್ಣೆಯಿಂದ ಜಿಗುಟು ಹೋಗೋದು ನಿಜ, ಆದರೆ ಅದೇ ಎಣ್ಣೆ ರಬ್ಬರಿಗೆ ಇಳಿದು ಹಿಗ್ಗಿಸುತ್ತದೆ.

‘ಕಿತ್ತು’ ಅಂತ ಎಲ್ಲೂ ಬರೀಬೇಡ್ರಿ. ಕೀಳು ಅಂದರೆ ಕಿತ್ತೇ ಬಿಡ್ತಾರ, ರಬ್ಬರ್ ಎಳೆದು ಉದ್ದ ಆಗುತ್ತದೆ. ‘ಅಂಚನ್ನು ಎಬ್ಬಿಸಿ, ನಿಧಾನ ಬಿಡಿಸಿ’ ಅನ್ರಿ. ಬ್ಯಾಟರಿ, ಕಾರ್ಡ್ ಮೊದಲೇ ತೆಗೆದಿರಬೇಕು, ಲೆನ್ಸ್ ಬಿಚ್ಚಿ ಮುಚ್ಚಳ ಹಾಕಿರಬೇಕು. ಕೂದಲು ಒಣಗಿಸುವ ಯಂತ್ರದ ಕಡಿಮೆ ಬಿಸಿಯನ್ನು ಒಂದು ಗೇಣು ದೂರದಿಂದ ಅರ್ಧ ನಿಮಿಷ ಆಡಿಸಿದರೆ ಟೇಪು ಮೆತ್ತಗಾಗುತ್ತದೆ. ಎಬ್ಬಿಸಲು ಗಿಟಾರಿನ ಪ್ಲಾಸ್ಟಿಕ್ ಬಿಲ್ಲೆ ಸಾಕು, ಲೋಹದ ಚಾಕು ಬೇಡ.

ರಬ್ಬರಿನ ಕೆಳಗೆ ಕೆಲವು ತಿರುಪು ಕಾಣುತ್ತವೆ. ಅವನ್ನು ಮುಟ್ಟಬಾರದು. ಡಿ300, ಡಿ700 ಎರಡರಲ್ಲೂ ಒಳಗೇ ಫ್ಲ್ಯಾಷ್ ಇದೆ, ಅದರ ಕೆಪಾಸಿಟರ್, ಅಂದರೆ ವಿದ್ಯುತ್ ಕೂಡಿಡುವ ಭಾಗ, ಬ್ಯಾಟರಿ ತೆಗೆದ ಮೇಲೂ ಸುಮಾರು 300 ವೋಲ್ಟ್ ಹಿಡಿದಿಟ್ಟುಕೊಂಡಿರಬಹುದು. ಈ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕ್ರಿ.

ಸು. ಭ., ಮಣಿಪಾಲ:

ತುಂಬಾ ಉಪಕಾರ. ಗ್ರಿಪ್ ಉಳಿಯಿತು, ‘ಇಬ್ಬದಿ ಅಂಟುಪಟ್ಟಿ’ ತಗೊಂಡೆ. ಆದರೆ ಅಂಗಡಿಯಲ್ಲಿ ಅಂಟುಪಟ್ಟಿ ಎಂದು ಕೇಳಿದರೆ ಗಾಯದ ಪಟ್ಟಿ ಕೊಡುವ ಸಾಧ್ಯತೆ ಇದೆ. ‘ಇಬ್ಬದಿ ಟೇಪು’ ಎಂದರೆ? ಮತ್ತೆ ಮೂಲದಲ್ಲಿ ಟೇಪಿನ ದಪ್ಪ ಹೇಳಿಲ್ಲ. ಫೆವಿಕ್ವಿಕ್ ಹಾಕಬಹುದೇ ಎಂದು ಎಲ್ಲರೂ ಕೇಳುತ್ತಾರೆ, ಅದರ ಬಗ್ಗೆಯೂ ಒಂದು ಸಾಲು ಬೇಕು.

ವಿ. ರಾ., ಮೈಸೂರು:

‘ಇಬ್ಬದಿ ಟೇಪು’ ಸಮಾಸವಾಗಿಯೂ ಚೆನ್ನಾಗಿದೆ. ಅಂಟಿಗೆ ‘ವಜ್ರಲೇಪ’ ಎಂಬ ಒಳ್ಳೆಯ ಪದವನ್ನು ಯಾರೂ ನೆನೆಯದಿರುವುದು ಬೇಸರ. ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಅದರ ಪಾಕವನ್ನೇ ಕೊಟ್ಟಿದ್ದಾನೆ.

ಜ. ಕಾ., ಹುಬ್ಬಳ್ಳಿ:

ಸರ್, ವಜ್ರಲೇಪ ಕಲ್ಲು ಕೂಡಿಸಲು. ಕೂಡಿದ್ದು ಬಿಡಬಾರದು ಅನ್ನೋದೇ ಅದರ ಗುಣ. ಇಲ್ಲಿ ಬೇಕಾದ್ದು ಅದರ ಉಲ್ಟಾ: ಹಿಡಿಯಬೇಕು, ನಾಳೆ ರಿಪೇರಿಗೆ ಬೇಕಾದಾಗ ಬಿಡಲೂಬೇಕು. ಆ ಪದ ಹಾಕಬೇಡ್ರಿ.

ಫೆವಿಕ್ವಿಕ್ ಬೇಡ ಅನ್ನಲು ಕಾರಣವೂ ಅದೇ. ಒಣಗಿದ ಮೇಲೆ ಗಾಜಿನಂತೆ ಗಟ್ಟಿಯಾಗುತ್ತದೆ, ರಬ್ಬರ್ ಬಾಗಿದಾಗ ಬಿರಿಯುತ್ತದೆ. ಅದರ ಆವಿ ಸುತ್ತ ಬಿಳಿ ಮಂಜಿನಂತೆ ಕೂರುತ್ತದೆ, ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಹತ್ತಿರ ಅದು ಬಹಳ ಕೆಟ್ಟದ್ದು. ಕೆಳಗಿನ ತಿರುಪಿನ ತಲೆಯೂ ಮುಚ್ಚಿಹೋಗುತ್ತದೆ.

ಟೇಪು: 0.1ರಿಂದ 0.15 ಮಿಲಿಮೀಟರ್. 3ಎಂ ಕಂಪನಿಯ 468ಎಂಪಿ ಎಂಬ ಟೇಪು ಸುಮಾರು 0.13, ಅದು ಸರಿ. ಗೋಡೆಗೆ ಚಿತ್ರ ಅಂಟಿಸುವ ಫೋಮ್ ಟೇಪು ಒಂದು ಮಿಲಿಮೀಟರ್ ದಪ್ಪ, ರಬ್ಬರ್ ಮಟ್ಟಸವಾಗಿ ಕೂರದೆ ಅಂಚು ಎತ್ತಿ ನಿಲ್ಲುತ್ತದೆ, ಬೆರಳು ತಾಗಿ ಮತ್ತೆ ಏಳುತ್ತದೆ. ರಬ್ಬರಿನ ಬೆನ್ನನ್ನು 400 ನಂಬರಿನ ಎಮರಿ ಕಾಗದದಿಂದ ಹಗುರ ಉಜ್ಜಿ, ಆಲ್ಕೋಹಾಲಿನಲ್ಲಿ ಒರೆಸಿ, ಟೇಪನ್ನು ಮೈಗಲ್ಲ, ರಬ್ಬರಿಗೆ ಹಚ್ಚಬೇಕು. ಹೊಸ ಬ್ಲೇಡಿನಿಂದ ಅಂಚಿಗೆ ಸರಿಯಾಗಿ ಕತ್ತರಿಸಬೇಕು, ತೂತುಗಳಿದ್ದರೆ ಅಲ್ಲಿಯೂ. ಹಿಂದಿನ ಕಾಗದ ಪೂರ್ತಿ ತೆಗೆಯುವ ಮೊದಲು ಒಂದು ಮೂಲೆ ಮಾತ್ರ ಬಿಡಿಸಿ ಜಾಗಕ್ಕೆ ತಾಳೆ ನೋಡಬೇಕು. ಕೂರಿಸುವಾಗ ರಬ್ಬರನ್ನು ಎಳೆಯಬಾರದು. ಎಳೆದು ಅಂಟಿಸಿದ್ದು ಅದರ ಅಳತೆಗೆ ವಾಪಸ್ ಬರುವಾಗ ಅಂಚನ್ನೂ ಜೊತೆಗೆ ಎಬ್ಬಿಸುತ್ತದೆ.

ಹೆಬ್ಬೆರಳಿನ ಜಾಗದ ಡೊಂಕಿಗೆ ಟೇಪು ಹಿಡಿಯದಿದ್ದರೆ ಮಾತ್ರ ಚಪ್ಪಲಿ ಅಂಗಡಿಯವರು ಬಳಸುವ ಹಳದಿ ಅಂಟು, ಫೆವಿಕಾಲ್ ಎಸ್‌ಆರ್ ಬಗೆಯದು. ಎರಡೂ ಕಡೆ ತೆಳ್ಳಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು, ಬೆರಳಿಗೆ ಹತ್ತದ ಹಾಗೆ ಆದಮೇಲೆ ಒಂದೇ ಸಲಕ್ಕೆ ಕೂಡಿಸೋದು. ಕೂಡಿದ ಮೇಲೆ ಸರಿಸಲು ಬರೋದಿಲ್ಲ. ಕಿಟಕಿ ತೆರೆದಿರಲಿ, ಅದರ ವಾಸನೆ ಒಳ್ಳೆಯದಲ್ಲ.

ಅಂಟಿಸಿದ ಮೇಲೆ ಬಟ್ಟೆಯ ಪಟ್ಟಿ ಸುತ್ತಿ 24 ತಾಸು ಇಡಬೇಕು. ಪೂರ್ತಿ ಹಿಡಿತ ಬರಲು 72 ತಾಸು.

ಕಿ., ಬೆಂಗಳೂರು:

‘ಮಟ್ಟಸವಾಗಿ ಕೂರದೆ’, ‘ತಾಳೆ ನೋಡಿ’, ‘ಎಬ್ಬಿಸಿ ಬಿಡಿಸಿ’ – ಇವೆಲ್ಲ ಹಾಳೆಯಲ್ಲಿ ಹೀಗೇ ಬರಲಿ. ಇದು ಬಂದರೆ ಗ್ರಿಪ್ ಇದ್ದರೂ ನನ್ನ ತಕರಾರಿಲ್ಲ. ‘ಪ್ರಯ್ಮರ್’ ಮಾತ್ರ ತೆಗೆಯಿರಿ.

ಜ. ಕಾ., ಹುಬ್ಬಳ್ಳಿ:

ಪ್ರೈಮರ್ ಸಾಲೇ ತೆಗೀರಿ. ಉಜ್ಜಿ ಒರೆಸಿದ ರಬ್ಬರಿಗೆ ಅದರ ಅಗತ್ಯ ಇಲ್ಲ.

ಲ. ಹೆ., ಸುಳ್ಯ:

ನಿಮ್ಮ ಹಾಳೆ ಕರಾವಳಿಯವರಿಗಾದರೆ ‘ತಾಸು’ ಬೇಡ, ‘ಗಂಟೆ’ ಹಾಕಿ. ಮಳೆಗಾಲದಲ್ಲಿ ಇಲ್ಲಿ ನೆರಳಲ್ಲಿಟ್ಟ ರಬ್ಬರ್ ಒಂದೇ ದಿನಕ್ಕೆ ಒಣಗುವುದಿಲ್ಲ ಎಂಬುದನ್ನೂ ಸೇರಿಸಿ. ಎರಡು ದಿನ ಫ್ಯಾನಿನ ಕೆಳಗೆ ಇಡಬೇಕು.

ಸು. ಭ., ಮಣಿಪಾಲ:

ಸೇರಿಸಿದೆ. ತಲೆಬರಹ: ‘ಗ್ರಿಪ್ ಎದ್ದಿದೆಯೇ, ಹಿಗ್ಗಿದೆಯೇ, ಅಂಟಂಟಾಗಿದೆಯೇ?’ ರಾತ್ರಿಯೇ ಅಚ್ಚಿಗೆ ಕಳಿಸುತ್ತಿದ್ದೇನೆ.